ಮಲೆನಾಡಿನ ಮಳೆಗೆ ಎತ್ತರದ ವಿಂಡ್‌ಶೀಲ್ಡೋ, ಗಿಡ್ಡದ್ದೋ?

ಶಿವಮೊಗ್ಗದಿಂದ ಚಿತ್ರದುರ್ಗದ ಕಡೆ ಬಯಲು ದಾರಿಯಲ್ಲಿ ಗಂಟೆಗಟ್ಟಲೆ ಬೈಕ್ ಓಡಿಸುವವರಿಗೆ ಎತ್ತರದ್ದೇ ಸುಖ. ಎದೆಗೆ ಗಾಳಿ ಹೊಡೆಯುವುದಿಲ್ಲ, ಕತ್ತು ನೋಯುವುದಿಲ್ಲ. ಅದೇ ಗಾಡಿಯನ್ನು ಜುಲೈನಲ್ಲಿ ಆಗುಂಬೆ ಘಾಟಿಗೆ ಇಳಿಸಿ ನೋಡಿ. ವಿಂಡ್‌ಶೀಲ್ಡಿನ ಹೊರಗೆ ಮಳೆಹನಿ, ಒಳಗೆ ಮಂಜಿನ ಪಸೆ. ಎದುರು ಬರುವ ಬಸ್ಸಿನ ಹೆಡ್‌ಲೈಟ್ ಒಂದೊಂದು ಹನಿಯಲ್ಲೂ ಒಡೆದು ಕಣ್ಣು ಕುಕ್ಕುತ್ತದೆ. 14 ಹೇರ್‌ಪಿನ್ ತಿರುವು ಬೇರೆ! ಹೆಲ್ಮೆಟ್ ಗಾಜನ್ನಾದರೆ ಗ್ಲೌಸಿನಲ್ಲಿ ಒರೆಸಿಕೊಳ್ಳಬಹುದು. ಇದನ್ನು ಒರೆಸುವುದು ಹೇಗೆ?

ಗಿಡ್ಡದ್ದರಲ್ಲಿ ರಸ್ತೆ ಚೆನ್ನಾಗಿ ಕಾಣುತ್ತದೆ. ಎದೆಗೆ ಮಳೆ ಜಾಸ್ತಿ ಬಡಿಯುತ್ತದೆ, ಒಳ್ಳೆ ರೈನ್‌ಕೋಟ್ ಬೇಕು.

ನಮ್ಮ ಕಡೆಗೆ ನಾನು ಹೇಳುವುದು ನಡುವಿನದ್ದು. ಗಾಡಿ ಮೇಲೆ ನೆಟ್ಟಗೆ ಕೂತು ನೋಡಿ, ಮೇಲಂಚು ಮೂಗಿನ ಮಟ್ಟಕ್ಕಿರಲಿ. ನೋಟ ಅಂಚಿನ ಮೇಲಿಂದಲೇ ಹೋಗಬೇಕು. ಓಡಿಸುವಾಗ ಹೆಲ್ಮೆಟ್ ಗಡಗಡ ಅಲುಗಿದರೆ, ನಿಲ್ಲಿಸಿ ವಿಂಡ್‌ಶೀಲ್ಡನ್ನು ಒಂದಿಂಚು ಏರಿಸಿ ಅಥವಾ ಇಳಿಸಿ.