ಹಂಚಿಕೊಂಡ ವೇರಿಯಬಲ್‌ಗೆ ವೊಲಟೈಲ್ ಸಾಕೆಂದು ನಂಬಬೇಡಿ

ಸಿ ಭಾಷೆಯಲ್ಲಿ ಹಲವು ಥ್ರೆಡ್‌ಗಳ (ಏಕಕಾಲಕ್ಕೆ ನಡೆಯುವ ಕೆಲಸದ ಎಳೆಗಳ) ಪ್ರೋಗ್ರಾಂ ಬರೆಯುವವರು, ಅದರಲ್ಲೂ ಹಂಚಿಕೊಂಡ ವೇರಿಯಬಲ್‌ಗಳಿಗೆ ವೊಲಟೈಲ್ ಎಂಬ ಕೀವರ್ಡ್ ಸೇರಿಸಿ ನಿಶ್ಚಿಂತರಾಗಿರುವವರು ದಯವಿಟ್ಟು ಇದನ್ನು ಓದಬೇಕು. ನಾನೂ ಹಾಗೆಯೇ ಇದ್ದೆ. ಅದರ ಫಲವಾಗಿ ಮೂರು ವಾರಗಳ ಕಾಲ ತಪ್ಪು ದಾಖಲೆಗಳು ಫೈಲಿಗೆ ಸೇರುತ್ತ ಹೋದವು. ಅವನ್ನು ಸರಿಪಡಿಸುವ ದಾರಿ ಇಂದಿಗೂ ಇಲ್ಲ.

ಒಂದು ಥ್ರೆಡ್ ಹೊರಗಿನಿಂದ ಬಂದ ಅಳತೆಗಳನ್ನು ಅವುಗಳ ಸಮಯದೊಂದಿಗೆ ಸ್ಟ್ರಕ್ಚರ್ ಒಂದಕ್ಕೆ ತುಂಬಿ, ಬಳಿಕ ದಾಖಲೆ ಸಿದ್ಧವೆಂದು ಸೂಚಿಸುವ ಫ್ಲ್ಯಾಗನ್ನು 1 ಮಾಡುತ್ತಿತ್ತು. ಇನ್ನೊಂದು ಥ್ರೆಡ್ ಅದು 1 ಆಗುವುದನ್ನೇ ಕಾದು, ಸ್ಟ್ರಕ್ಚರನ್ನು ಓದಿ ಫೈಲಿಗೆ ಬರೆದು, ಫ್ಲ್ಯಾಗನ್ನು ಮತ್ತೆ 0 ಮಾಡುತ್ತಿತ್ತು. ಮೊದಲು ಫ್ಲ್ಯಾಗ್ ಸಾಮಾನ್ಯ ಇಂಟ್ ಆಗಿತ್ತು. ಆಪ್ಟಿಮೈಸೇಶನ್ (ವೇಗಕ್ಕಾಗಿ ಕಂಪೈಲರ್ ಕೋಡನ್ನು ಮಾರ್ಪಡಿಸುವುದು) ಹಾಕಿ ಕಂಪೈಲ್ ಮಾಡಿದಾಗ ಕಾಯುವ ಲೂಪ್ ಮುಗಿಯಲೇ ಇಲ್ಲ, ಏಕೆಂದರೆ ಲೂಪಿನೊಳಗೆ ಎಲ್ಲಿಯೂ ಬದಲಾಗದ ವೇರಿಯಬಲನ್ನು ಕಂಪೈಲರ್ ಒಮ್ಮೆ ಮಾತ್ರ ಓದಿ ರಿಜಿಸ್ಟರಿನಲ್ಲಿ ಇಟ್ಟುಕೊಂಡಿತ್ತು. ವೊಲಟೈಲ್ ಸೇರಿಸಿದೆ, ಲೂಪ್ ಸರಿಹೋಯಿತು, ಅಲ್ಲಿಗೆ ಮುಗಿಯಿತೆಂದು ಭಾವಿಸಿದೆ. ನನ್ನ ನಿಜವಾದ ತಪ್ಪು ಅದೇ.

ಎಕ್ಸ್86 (ಇಂಟೆಲ್, ಎಎಂಡಿ) ಪ್ರೊಸೆಸರಿನ ಯಂತ್ರದಲ್ಲಿ ತಿಂಗಳುಗಟ್ಟಲೆ ಯಾವ ದೋಷವೂ ಕಾಣಲಿಲ್ಲ. ಅದೇ ಕೋಡನ್ನು ಆರ್ಮ್ ಪ್ರೊಸೆಸರಿಗೆ ಒಯ್ದ ಮೇಲೆ, ಸಾವಿರಾರು ದಾಖಲೆಗಳ ನಡುವೆ ಅಲ್ಲೊಂದು ಇಲ್ಲೊಂದರಲ್ಲಿ ಹೊಸ ಸಮಯದ ಜೊತೆಗೆ ಹಳೆಯ ಅಳತೆ ಬೆರೆತಿತ್ತು. ಪತ್ತೆಗೆಂದು ಪ್ರಿಂಟ್‌ಎಫ್ ಸೇರಿಸಿದರೆ ದೋಷ ಮಾಯವಾಗುತ್ತಿತ್ತು, ತೆಗೆದರೆ ಮರಳುತ್ತಿತ್ತು.

ಆ ವೇರಿಯಬಲನ್ನು ಪ್ರತಿ ಸಲವೂ ನಿಜವಾಗಿ ಓದಬೇಕು, ಬರೆಯಬೇಕು ಎಂದಷ್ಟೇ ವೊಲಟೈಲ್ ಕಂಪೈಲರಿಗೆ ಹೇಳುತ್ತದೆ. ಅದರ ಅಕ್ಕಪಕ್ಕದ ಸಾಮಾನ್ಯ ಬರಹಗಳ ಕ್ರಮವನ್ನು ಅದು ಕಾಯುವುದಿಲ್ಲ, ಪ್ರೊಸೆಸರನ್ನಂತೂ ಕಟ್ಟಿಹಾಕುವುದೇ ಇಲ್ಲ. ಎಕ್ಸ್86 ಒಂದು ಕೋರ್ ಮಾಡಿದ ಬರಹಗಳನ್ನು ಅದೇ ಕ್ರಮದಲ್ಲಿ ಉಳಿದ ಕೋರ್‌ಗಳಿಗೆ ತೋರಿಸುವುದರಿಂದ ನನ್ನ ತಪ್ಪು ಮುಚ್ಚಿಹೋಗಿತ್ತು. ಆರ್ಮ್ ಅಂಥ ಭರವಸೆ ಕೊಡುವುದಿಲ್ಲವಾದ್ದರಿಂದ ಅಳತೆಗಿಂತ ಮೊದಲೇ ಫ್ಲ್ಯಾಗ್ ಕಾಣಿಸಿಕೊಳ್ಳುತ್ತಿತ್ತು. 2011ರ ಸಿ11 ಮಾನಕದ ಪ್ರಕಾರ ಇಂಥ ಡೇಟಾ ರೇಸ್ (ಒಂದೇ ಸಾಮಾನ್ಯ ವೇರಿಯಬಲನ್ನು ಎರಡು ಥ್ರೆಡ್‌ಗಳು ಕ್ರಮದ ಖಾತರಿಯಿಲ್ಲದೆ ಮುಟ್ಟಿ, ಕನಿಷ್ಠ ಒಂದು ಅದನ್ನು ಬದಲಿಸುವುದು) ಇರುವ ಪ್ರೋಗ್ರಾಂನ ವರ್ತನೆಗೆ ಅರ್ಥವೇ ಇಲ್ಲ. ಆದ್ದರಿಂದ ಎಕ್ಸ್86ನಲ್ಲಿ ಸರಿಯಾಗಿ ನಡೆದದ್ದನ್ನೂ ನಾನು ಪುರಾವೆಯೆಂದು ಎಣಿಸಬಾರದಿತ್ತು.

ಬಳಿಕ ಫ್ಲ್ಯಾಗನ್ನು ಅಟಾಮಿಕ್ (ಪ್ರತಿ ಓದು, ಪ್ರತಿ ಬರಹ ನಡುವೆ ತುಂಡಾಗದೆ ಒಂದೇ ಕ್ರಿಯೆಯಾಗಿ ನಡೆಯುವ ವೇರಿಯಬಲ್) ಮಾಡಿದೆ, ಆದರೆ ವೇಗದ ಆಸೆಗೆ ರಿಲ್ಯಾಕ್ಸ್ಡ್ ಎಂಬ ಸಡಿಲ ಕ್ರಮವನ್ನು ಆರಿಸಿದೆ. ದೋಷ ಹಾಗೆಯೇ ಉಳಿಯಿತು. ರಿಲ್ಯಾಕ್ಸ್ಡ್ ಆ ಒಂದು ವೇರಿಯಬಲ್‌ನ ಅಖಂಡತೆಯನ್ನು ಕಾಪಾಡುತ್ತದೆಯೇ ಹೊರತು ಉಳಿದ ದತ್ತಾಂಶವನ್ನು ಅದರ ಹಿಂದೆ ಸಾಲಾಗಿ ನಿಲ್ಲಿಸುವುದಿಲ್ಲ. ತುಂಬಿದ ಥ್ರೆಡ್ ಫ್ಲ್ಯಾಗನ್ನು ರಿಲೀಸ್‌ನಿಂದ (ಹಿಂದಿನ ಓದು-ಬರಹಗಳೆಲ್ಲ ಇದಕ್ಕಿಂತ ಮೊದಲೇ ಎಂಬ ಕ್ರಮ) ಬರೆಯಬೇಕು, ಕಾಯುವ ಥ್ರೆಡ್ ಅದನ್ನು ಅಕ್ವೈರ್‌ನಿಂದ (ಮುಂದಿನ ಓದು-ಬರಹಗಳೆಲ್ಲ ಇದರ ನಂತರವೇ ಎಂಬ ಕ್ರಮ) ಓದಬೇಕು. ಓದಿ ಮುಗಿಸಿ 0 ಮಾಡುವಾಗಲೂ ಇದೇ ಜೋಡಿ ಬೇಕು, ಇಲ್ಲವಾದರೆ ಹಳೆಯ ದಾಖಲೆಯನ್ನು ಓದುತ್ತಿರುವಾಗಲೇ ಹೊಸದು ಅದರ ಮೇಲೆ ಬಂದು ಬೀಳಬಹುದು. ಇದನ್ನು ಬಹಳ ಜನ ಮರೆಯುತ್ತಾರೆ. ಏನೂ ಹೇಳದಿದ್ದರೆ ಸಿಗುವ, ಎಲ್ಲಕ್ಕಿಂತ ಕಟ್ಟುನಿಟ್ಟಾದ ಸೀಕ್ವೆನ್ಷಿಯಲಿ ಕನ್ಸಿಸ್ಟೆಂಟ್ ಕ್ರಮವನ್ನು, ಅದು ನಿಧಾನವೆಂದು ಅಳೆದು ನೋಡುವವರೆಗೆ ಬದಲಿಸಬೇಡಿ.

ಜಿಸಿಸಿ ಮತ್ತು ಕ್ಲ್ಯಾಂಗ್ ಎಂಬ ಎರಡೂ ಕಂಪೈಲರ್‌ಗಳಲ್ಲಿ ಇರುವ, ಡೇಟಾ ರೇಸ್ ಹುಡುಕುವ ಥ್ರೆಡ್ ಸ್ಯಾನಿಟೈಜರನ್ನು ಮೊದಲೇ ಓಡಿಸಿದ್ದರೆ ಈ ಎರಡೂ ತಪ್ಪುಗಳು ಎಕ್ಸ್86 ಯಂತ್ರದಲ್ಲೇ ಸಿಕ್ಕಿಬೀಳುತ್ತಿದ್ದವು. ಆದರೆ ಮೂರನೆಯದು ಅದಕ್ಕೂ ಸಿಗಲಿಲ್ಲ. ದಾಖಲೆಗಳನ್ನು ಎಣಿಸುವ ಅಟಾಮಿಕ್ ವೇರಿಯಬಲನ್ನು ನಾನು 'ಎಣಿಕೆ = ಎಣಿಕೆ + 1' ಎಂಬ ರೂಪದಲ್ಲಿ ಹೆಚ್ಚಿಸುತ್ತಿದ್ದೆ. ಇದರಲ್ಲಿ ಓದುವುದು ಒಂದು ಅಟಾಮಿಕ್ ಕ್ರಿಯೆ, ಬರೆಯುವುದು ಇನ್ನೊಂದು. ನಡುವೆ ಬೇರೆ ಥ್ರೆಡ್ ನುಗ್ಗಿದರೆ ಒಂದು ಎಣಿಕೆ ಕಳೆದುಹೋಗುತ್ತದೆ. ಎರಡೂ ಅಟಾಮಿಕ್ ಆಗಿದ್ದು ಇದು ಡೇಟಾ ರೇಸ್ ಅಲ್ಲವಾದ್ದರಿಂದ ಉಪಕರಣ ಸುಮ್ಮನಿರುತ್ತದೆ. '++', '+=' ಅಥವಾ ಫೆಚ್ ಆ್ಯಡ್ ಬಳಸಿದರೆ ಇಡೀ ಕೆಲಸ ಒಂದೇ ಕ್ರಿಯೆಯಾಗುತ್ತದೆ. ಆ ರೂಪಕ್ಕಾಗಿ ಕೋಡನ್ನೆಲ್ಲ ಜಾಲಾಡಿದಾಗ ಇನ್ನೂ ಎರಡು ಕಡೆ ಅದೇ ಸಾಲು ಸಿಕ್ಕಿತು.