ಮಳೆಗೆ ಪ್ರಾಸ ಎಲ್ಲಿ ಸಿಗುತ್ತದೆ? ಬಾಯಿ, ನಿಘಂಟು, ಎಕ್ಸೆಲ್, ಚಾಟ್‌ಬಾಟ್

ಇಂಗ್ಲಿಷಿನಲ್ಲಿ ಹಾಡು ಬರೆಯುವವರಿಗೆ ಪ್ರಾಸ ಹುಡುಕಿಕೊಡುವ ಸೈಟುಗಳು ಬೇಕಾದಷ್ಟಿವೆ. ಒಂದು ಪದ ಟೈಪ್ ಮಾಡಿದರೆ ಸಾಕು, ಸಾಲುಗಟ್ಟಿ ಪದ ಬಂದು ಬೀಳುತ್ತವೆ. ಸುಮ್ನೆ ಕುತೂಹಲಕ್ಕೆ ‘ಮಳೆ’ಯನ್ನು ಇಂಗ್ಲಿಷ್ ಅಕ್ಷರದಲ್ಲಿ ಕೊಟ್ಟು ನೋಡಿದೆ. ಅದು ‘ಮೇಲ್’ ಎಂದು ಓದಿಕೊಂಡು ಸೇಲ್, ಟೇಲ್, ಜೈಲ್ ತಂದು ಸುರಿಯಿತು. ಆ ದಾರಿ ಅಲ್ಲಿಗೇ ಮುಗಿಯಿತು.

ಉಳಿದದ್ದು ನಾಲ್ಕು. ಬಾಯಲ್ಲೇ ಅಕ್ಷರ ಓಡಿಸುವುದು, ನಿಘಂಟು ತಿರುವುವುದು, ಕಂಪ್ಯೂಟರಿನಲ್ಲಿ ಪದಪಟ್ಟಿ ಇಟ್ಟುಕೊಂಡು ಕೊನೆಯ ಅಕ್ಷರದಿಂದ ಸೋಸುವುದು, ಚಾಟ್‌ಬಾಟನ್ನು ಕೇಳುವುದು. ಗೆಳೆಯರ ಬೀದಿ ನಾಟಕ ತಂಡಕ್ಕೆ ಬರಗಾಲದ ಹಾಡೊಂದು ಬೇಕಿತ್ತು. ಅದನ್ನು ಬರೆಯುವಾಗ ನಾಲ್ಕನ್ನೂ ಪರೀಕ್ಷೆ ಮಾಡಿದೆ. ಪಲ್ಲವಿಯ ಮೊದಲ ಸಾಲು ಆಗಲೇ ಕೂತಿತ್ತು: ‘ಈ ಸಲವೂ ಬರಲಿಲ್ಲ ಮಳೆ’. ಎರಡನೆಯದು ಬೇಕಿತ್ತು.

ಮೊದಲು ಬಾಯಿ. ಬರೆಯುವವರೆಲ್ಲ ಇದನ್ನು ಮಾಡುತ್ತಾರೆ, ಆದರೆ ಹೆಚ್ಚಿನವರು ಅರ್ಧಕ್ಕೇ ನಿಲ್ಲಿಸುತ್ತಾರೆ. ‘ಮಳೆ’ ಅಂದ ತಕ್ಷಣ ಬೆಳೆ, ಹೊಳೆ, ಇಳೆ ಓಡಿ ಬರುತ್ತವೆ. ‘ಇಳೆ’ಗಂತೂ ಮಳೆಯ ಪಕ್ಕ ನಿಲ್ಲುವುದು ಬಿಟ್ಟರೆ ಬೇರೆ ಕೆಲಸವೇ ಇಲ್ಲ ಅನ್ನುವ ಹಾಗಾಗಿದೆ. ಅಲ್ಲಿ ನಿಲ್ಲದೆ ಕಾಗುಣಿತ ಹಿಡಿದು ಮುಂದೆ ಹೋಗಬೇಕು. ಕಳೆ, ಕಾಳೆ, ಕಿಳೆ, ಕೀಳೆ, ಕುಳೆ, ಕೂಳೆ, ಕೆಳೆ, ಕೊಳೆ. ಇದರಲ್ಲಿ ಹಲವು ಪದವೇ ಅಲ್ಲ, ಇರಲಿ. ‘ಕೂಳೆ’ ನೋಡಿ: ಕಬ್ಬು ಕಡಿದ ಮೇಲೆ ಅದೇ ಬುಡದಿಂದ ಮತ್ತೆ ಚಿಗುರುವ ಬೆಳೆ. ರೈತರ ಬಾಯಲ್ಲಿ ದಿನಾ ಓಡಾಡುವ ಪದ, ಹಾಡಲ್ಲಿ ಮಾತ್ರ ಅಪರೂಪ. ‘ಕೆಳೆ’ ಅಂದರೆ ಗೆಳೆತನ. ಹಳಗನ್ನಡದ್ದು, ಬೀದಿ ನಾಟಕಕ್ಕೆ ಒಗ್ಗುವುದಿಲ್ಲ. ಹೀಗೇ ‘ಗ’ ಸಾಲಿಗೆ ಬಂದೆ. ಗಳೆ, ಗಾಳೆ, ಗಿಳೆ, ಗೀಳೆ, ಗುಳೆ.

ಗುಳೆ! ಮಳೆ ಕೈಕೊಟ್ಟರೆ ರಾಯಚೂರು, ಯಾದಗಿರಿ, ಕೊಪ್ಪಳದ ಕಡೆ ಜನ ಕೂಲಿ ಹುಡುಕಿಕೊಂಡು ಊರು ಬಿಡುತ್ತಾರಲ್ಲ, ಆ ಗುಳೆ.

ಈ ಸಲವೂ ಬರಲಿಲ್ಲ ಮಳೆ
ಊರಿಗೂರೇ ಹೊರಟಿತು ಗುಳೆ

ಬೆರಳಲ್ಲಿ ಎಣಿಸಿ ನೋಡಿದೆ. ಎರಡೂ ಸಾಲಿಗೆ 13 ಮಾತ್ರೆ. ಬಾಯಿಯ ದೊಡ್ಡ ಗುಣ ಇದೇ. ‘ಮಳೆ’ಯ ಪಕ್ಕ ‘ಬಾಳೆ’ ಇಟ್ಟರೆ ಒಂದು ಮಾತ್ರೆ ಜಾಸ್ತಿ ಆಯಿತು ಅಂತ ಯಾರೂ ಹೇಳಬೇಕಾಗಿಲ್ಲ, ನಾಲಿಗೆಗೇ ಗೊತ್ತಾಗುತ್ತದೆ. ಕೊರತೆ ಏನೆಂದರೆ, ನಿಮಗೆ ಗೊತ್ತಿಲ್ಲದ ಪದವನ್ನು ಬಾಯಿ ತರಲಾರದು. ಉದ್ದದ ಪದಗಳೂ ಜಾರಿಹೋಗುತ್ತವೆ. ಕಹಳೆ, ಅರಳೆ ಎರಡೂ ನನಗೆ ಗೊತ್ತಿದ್ದ ಪದಗಳೇ, ಆದರೂ ಕಾಗುಣಿತದ ಓಟದಲ್ಲಿ ಬರಲೇ ಇಲ್ಲ.

ನಿಘಂಟಿನ ಕಥೆ ಬೇರೆ. ಕಿಟ್ಟೆಲ್ ಅವರ 1894ರ ನಿಘಂಟಾಗಲಿ, ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟಾಗಲಿ, ಪದಗಳನ್ನು ಜೋಡಿಸಿರುವುದು ಮೊದಲ ಅಕ್ಷರದಿಂದ. ಅಂತ್ಯಪ್ರಾಸಕ್ಕೆ ಬೇಕಾದದ್ದು ಕೊನೆಯ ಅಕ್ಷರ. ‘ಳೆ’ಯಲ್ಲಿ ಮುಗಿಯುವ ಪದಗಳು ಆ 8 ಸಂಪುಟದಲ್ಲೂ ಚೆದುರಿ ಕೂತಿವೆ. ಹಾಗಾಗಿ ಸಿನಿಮಾ ಹಾಡು, ಭಾವಗೀತೆ ಬರೆಯುವವರಿಗೆ ಪ್ರಾಸದ ಲೆಕ್ಕದಲ್ಲಿ ನಿಘಂಟಿನಿಂದ ಲಾಭ ಕಡಿಮೆ.

ಆದರೆ ಕಂದಪದ್ಯ, ಷಟ್ಪದಿ ಬರೆಯುವ ಹುಚ್ಚು ಇರುವವರಿಗೆ ಇದಕ್ಕಿಂತ ಒಳ್ಳೆಯ ಸಾಧನ ಇನ್ನೊಂದಿಲ್ಲ. ಅಲ್ಲಿ ಬೇಕಿರುವುದು ಆದಿಪ್ರಾಸ. ಪ್ರತಿ ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದೇ ಇರಬೇಕು. ಅದರ ಸ್ವರ ಬದಲಾದರೂ ನಡೆಯುತ್ತದೆ. ಆದರೆ ಮೊದಲ ಅಕ್ಷರ ಒಂದು ಸಾಲಲ್ಲಿ ಹ್ರಸ್ವ, ಇನ್ನೊಂದರಲ್ಲಿ ದೀರ್ಘ ಆಗುವಂತಿಲ್ಲ. ಮಳೆ, ಉಳಿ, ತಿಳಿ ಒಂದು ಗುಂಪು, ಅದು ಸಿಂಹಪ್ರಾಸ. ನಾಳೆ, ಗಾಳಿ, ಬಾಳು ಇನ್ನೊಂದು, ಅದು ಗಜಪ್ರಾಸ. ಹೀಗೆ ಒಟ್ಟು ಆರು. ಈಗ ನಿಘಂಟು ತೆಗೆಯಿರಿ. ‘ಳ’ ವರ್ಣಮಾಲೆಯ ಕೊನೆಯ ಅಕ್ಷರ. ಹಾಗಾಗಿ ‘ಕ’ ಮುಗಿದು ‘ಕಾ’ ಶುರುವಾಗುವ ಮುಂಚಿನ ಪುಟಗಳಲ್ಲಿ ಕಳ, ಕಳಸ, ಕಳಿ, ಕಳೆ ಎಲ್ಲ ಸಾಲಾಗಿ ಸಿಗುತ್ತವೆ. ‘ತ’ ಮುಗಿಯುವಲ್ಲಿ ತಳ, ತಳಿರು, ತಳೆ. ‘ಬ’ ಮುಗಿಯುವಲ್ಲಿ ಬಳಗ, ಬಳಿ, ಬಳ್ಳಿ. (ಬಳ್ಳಿಯನ್ನು ಬಿಡಿ, ಅದೇ ವ್ಯಂಜನದ ಒತ್ತು ಬಂದರೆ ಅದು ಹಯಪ್ರಾಸ.) ಒಂದೊಂದು ಮೊದಲಕ್ಷರಕ್ಕೆ ಒಂದೊಂದು ಜಿಗಿತ, ಅಷ್ಟೆ.

ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಈ ಪ್ರಾಸದ ಕಟ್ಟು ಬಿಟ್ಟು ಬರೆಯಲು ಶುರುಮಾಡಿದರು. ಹೊಸಗನ್ನಡ ಕವಿತೆ ಬಹುಪಾಲು ಅದೇ ದಾರಿ ಹಿಡಿಯಿತು. ನಮ್ಮ ನಿಘಂಟುಗಳು ಮಾತ್ರ ಇವತ್ತಿಗೂ ಹಳೇ ಪ್ರಾಸಕ್ಕೇ ಹೇಳಿ ಮಾಡಿಸಿದ ಹಾಗಿವೆ. ಹಳಬರ ಕಟ್ಟು ಎಷ್ಟು ಬಿಗಿ ಅಂದರೆ, ಹಳಗನ್ನಡದಲ್ಲಿ ‘ಮೞೆ’ಯ ಅಕ್ಷರ ಬೇರೆ, ‘ಬೆಳೆ’ಯ ಅಕ್ಷರ ಬೇರೆ. ನಮಗೆ ತೀರಾ ಸಲೀಸಾದ ಜೋಡಿ ಅವರಿಗೆ ಪ್ರಾಸವೇ ಅಲ್ಲ. ಇನ್ನೊಂದು ಸ್ವಾರಸ್ಯ: ಸಂಸ್ಕೃತದ ಅಮರಕೋಶದಲ್ಲಿ ನಾನಾರ್ಥವರ್ಗ ಅಂತ ಒಂದು ಭಾಗ ಇದೆ. ಅದನ್ನು ಜೋಡಿಸಿರುವುದೇ ಕೊನೆಯ ವ್ಯಂಜನದ ಮೇಲೆ. ಕನ್ನಡ ಪದಗಳಿಗೂ ಯಾರಾದರೂ ಹಾಗೊಂದು ಕೋಶ ಮಾಡಿಕೊಟ್ಟರೆ ನಾನಂತೂ ಕೊಳ್ಳುತ್ತೇನೆ.

ಅಲ್ಲಿಯವರೆಗೆ ಎಕ್ಸೆಲ್ಲೇ ಗತಿ. ವಿ. ಕೃಷ್ಣ ಅವರು ದಶಕಗಳ ಕಾಲ ಕೂತು ಕಟ್ಟಿದ ‘ಅಲರ್’ ಕನ್ನಡ-ಇಂಗ್ಲಿಷ್ ನಿಘಂಟು 2019ರಲ್ಲಿ ಮುಕ್ತ ಪರವಾನಗಿಯಲ್ಲಿ ಹೊರಬಂತು. 1.5 ಲಕ್ಷದಷ್ಟು ಪದಗಳಿವೆ. ಅದರ ಹುಡುಕುವ ಡಬ್ಬಿ ಅರ್ಥ ನೋಡುವುದಕ್ಕೆ ಮಾಡಿದ್ದು, ಪ್ರಾಸಕ್ಕಲ್ಲ. ಆದರೆ ಪೂರ್ತಿ ದತ್ತಾಂಶವನ್ನೇ ಇಳಿಸಿಕೊಳ್ಳಬಹುದು. ಪದಗಳನ್ನು ಒಂದು ಕಾಲಂನಲ್ಲಿ ಹಾಕಿ. ಪಕ್ಕದ ಕಾಲಂನಲ್ಲಿ ‘ರೈಟ್’ ಫಾರ್ಮುಲಾ ಕೊಟ್ಟು ಕೊನೆಯ ಎರಡು ಚಿಹ್ನೆ ಕೇಳಿ. ಯುನಿಕೋಡ್ ಲೆಕ್ಕದಲ್ಲಿ ‘ಳೆ’ ಅಂದರೆ ಎರಡು: ಳ ಒಂದು, ಎತ್ವ ಒಂದು. ‘ಲ್ಲಿ’ಗೆ ನಾಲ್ಕು ಬೇಕು. ಫಿಲ್ಟರ್ ಹಾಕಿದರೆ ಪರದೆ ತುಂಬ ‘ಳೆ’. ಕಹಳೆ, ಅರಳೆ ನನಗೆ ಸಿಕ್ಕಿದ್ದೇ ಹೀಗೆ. ಕಸವೂ ಬರುತ್ತದೆ. ಜಡಿಮಳೆ, ಬಿರುಮಳೆ ಥರದವು ಪ್ರಾಸ ಅಲ್ಲ, ಅದೇ ಪದ ಕೋಟು ಹಾಕಿಕೊಂಡು ಬಂದಿರುತ್ತದೆ.

ಇಷ್ಟರಲ್ಲಿ ಖುಷಿಯಾಗಿದ್ದೆ. ಚರಣಕ್ಕೆ ಬಂದಾಗ ಕಥೆ ಕೆಟ್ಟಿತು. ಅಲ್ಲಿ ಸಾಲು ಮುಗಿಯುತ್ತಿದ್ದದ್ದು ‘ಬಂದ’ ಅಂತ. ‘ಂದ’ ಎಂದು ಸೋಸಿದರೆ ನಿಘಂಟಿನ ಪಟ್ಟಿ ಕೊಟ್ಟದ್ದು ಅಂದ, ಚಂದ, ಕಂದ, ಆನಂದ, ಮಕರಂದ, ಮುಕುಂದ. ಭಕ್ತಿಗೀತೆ ಬರೆಯುವವರಿಗೆ ಹಬ್ಬ. ನನಗೆ ಬೇಕಿದ್ದದ್ದು ಬೆಂದ, ನೊಂದ, ಮಿಂದ, ತಿಂದ, ಕೊಂದ. ಇವು ನಿಘಂಟಿನಲ್ಲಿ ಕೂತಿರುವುದು ಬೇಯು, ನೋಯು, ಮೀಯು, ತಿನ್ನು, ಕೊಲ್ಲು ಎಂಬ ಹೆಸರಲ್ಲಿ. ‘ನೋಯು’ ಮತ್ತು ‘ಬರು’ ಪ್ರಾಸವಾಗುತ್ತವೆ ಅಂತ ಯಾವ ಫಿಲ್ಟರ್ ತಾನೇ ಹೇಳೀತು? ಕನ್ನಡದ ಹಾಡಿನ ಸಾಲು ಮುಗಿಯುವುದು ಹೆಚ್ಚಾಗಿ ಕ್ರಿಯಾಪದದಲ್ಲಿ, ಇಲ್ಲವೇ ವಿಭಕ್ತಿಯಲ್ಲಿ. ನಿಘಂಟಿನಲ್ಲಿ ಇರುವುದು ಮೂಲ ರೂಪ. ಎಷ್ಟೇ ದೊಡ್ಡ ನಿಘಂಟಾದರೂ ಈ ತೊಡಕು ತಪ್ಪಿದ್ದಲ್ಲ.

ಹಾಗಾಗಿ ಕನ್ನಡ ವಿಕಿಪೀಡಿಯದ ಪಠ್ಯ ಇಳಿಸಿಕೊಂಡು ಅದರಿಂದ ಪದ ಬಿಡಿಸಿದೆ. ಇಲ್ಲಿ ಪ್ರತ್ಯಯ ಹತ್ತಿದ ಪದಗಳೆಲ್ಲ ಇವೆ. ‘ಂದ’ ಕೇಳಿದೆ. ಬಂತು ನೋಡಿ ಪ್ರವಾಹ: ಕಾರಣದಿಂದ, ಸರ್ಕಾರದಿಂದ, 1956ರಿಂದ. ತೃತೀಯಾ ವಿಭಕ್ತಿಯ ಮೆರವಣಿಗೆ. ನಾಲ್ಕು ಚಿಹ್ನೆಗಿಂತ ಉದ್ದದ್ದೆಲ್ಲ ತೆಗೆದ ಮೇಲೆ ಕೆಲಸಕ್ಕೆ ಬರುವ ಪಟ್ಟಿ ಉಳಿಯಿತು. ನೊಂದ, ಬೆಂದ ಎರಡೂ ಇದ್ದವು. ಆದರೆ ವಿಕಿಪೀಡಿಯದ ಕನ್ನಡ ಕೋಟು-ಬೂಟಿನ ಕನ್ನಡ. ಅಲ್ಲಿ ಎಲ್ಲರೂ ‘ಬಂದರು’, ‘ಪಡೆದರು’. ‘ಬಂದ್ಲು’, ‘ಹೋಗ್ತೀವಿ’ ಹುಡುಕಿದರೆ ಸಿಗುವುದು ಕಷ್ಟ. ಬೀದಿ ನಾಟಕಕ್ಕೆ ಬೇಕಾದದ್ದೇ ಅವು. ನನ್ನ ಹತ್ತಿರ ಟೈಪ್ ಮಾಡಿಟ್ಟಿದ್ದ ಹಳೆಯ ನಾಟಕಗಳ ಫೈಲುಗಳನ್ನು ಅದಕ್ಕೆ ಸೇರಿಸಿದ ಮೇಲೆ ಪಟ್ಟಿಗೆ ಜೀವ ಬಂತು.

ಒಂದು ಎಚ್ಚರಿಕೆ. ‘ೇ’ ಮತ್ತು ‘ೋ’ ಯುನಿಕೋಡಿನಲ್ಲಿ ಒಂದೇ ಚಿಹ್ನೆಯಾಗಿಯೂ ಇರಬಹುದು, ಬಿಡಿ ಭಾಗಗಳಾಗಿಯೂ ಇರಬಹುದು. ಕಣ್ಣಿಗೆ ಎರಡೂ ಒಂದೇ, ಫಿಲ್ಟರಿಗೆ ಬೇರೆ ಬೇರೆ. ಬೇರೆ ಬೇರೆ ಕಡೆಯಿಂದ ಫೈಲು ಸೇರಿಸಿದ್ದರೆ ಮೊದಲು ಎಲ್ಲವನ್ನೂ ಒಂದೇ ರೂಪಕ್ಕೆ ತನ್ನಿ. ಇಲ್ಲದಿದ್ದರೆ ಕಣ್ಣೆದುರಿಗಿರುವ ಪದವೂ ಸಿಗುವುದಿಲ್ಲ.

ಕೊನೆಗೆ ಚಾಟ್‌ಬಾಟ್. ‘ಮಳೆ’ಗೆ ಪ್ರಾಸ ಕೇಳಿದೆ. ಬೆಳೆ, ಹೊಳೆ, ಇಳೆ, ಕಳೆ ಚಕ್ಕಂತ ಬಂದವು. ಆಮೇಲೆ ಕಲೆ, ನೆಲೆ, ಅಲೆ. ಲ-ಳ ವ್ಯತ್ಯಾಸ ಅದರ ಕಿವಿಗೆ ಬೀಳುವುದಿಲ್ಲ. ಅದಕ್ಕೆ ಕಿವಿಯೇ ಇಲ್ಲವಲ್ಲ. ಹಾಗಂತ ಇದನ್ನು ಪೂರ್ತಿ ತಪ್ಪು ಅನ್ನಲಾರೆ. ಹಾಡುವಾಗ ‘ಮಳೆ-ಅಲೆ’ ತೇಲಿ ಹೋಗುತ್ತದೆ, ಅದನ್ನು ಒಪ್ಪುವವರೂ ಇದ್ದಾರೆ. ನನಗೆ ಹಿಡಿಸುವುದಿಲ್ಲ. ‘13 ಮಾತ್ರೆಯ ಸಾಲು ಬರೆ’ ಎಂದೆ. ಒಂದು ಸಾಲು ಕೊಟ್ಟು ಸರಿಯಾಗಿ 13 ಎಂದು ಘೋಷಿಸಿತು. ಎಣಿಸಿದರೆ ಅಷ್ಟಿರಲಿಲ್ಲ.

ಅದು ನಿಜಕ್ಕೂ ಒದಗಿದ್ದು ಬೇರೆ ಕೆಲಸಕ್ಕೆ. ‘ಊರು ಬಿಟ್ಟು ಹೊರಡುವಾಗ ಮನೆಯಲ್ಲಿ ಏನೇನು ಮಾಡುತ್ತಾರೆ, ಪಟ್ಟಿ ಕೊಡು’ ಎಂದು ಕೇಳಿದೆ. ಬೀಗ ಹಾಕುವುದು, ದನ ಮಾರುವುದು, ಅಜ್ಜಿಯನ್ನು ಪಕ್ಕದ ಮನೆಯವರಿಗೆ ಒಪ್ಪಿಸುವುದು ಎಂದೆಲ್ಲ ಕೊಟ್ಟಿತು. ಅದರಿಂದ ಎರಡನೇ ಚರಣಕ್ಕೆ ದಾರಿ ಸಿಕ್ಕಿತು. ಪ್ರಾಸದ ಪದಗಳನ್ನು ನಾನೇ ಪಟ್ಟಿಯಿಂದ ಆರಿಸಿಕೊಂಡೆ. ‘ಗುಳೆ’ಯನ್ನು ಅದು ಕೊಡಲೇ ಇಲ್ಲ. ‘ಗುಳೆ ಹೇಗೆ?’ ಎಂದು ನಾನೇ ಕೇಳಿದಾಗ ಮಾತ್ರ ‘ಅದ್ಭುತವಾದ ಆಯ್ಕೆ’ ಎಂದು ಹೊಗಳಿತು. ಅದಾದ ಮೇಲೆ ಸುಮ್ನೆ ಪರೀಕ್ಷೆಗೆ ‘ಗಿಳೆ ಹೇಗೆ?’ ಎಂದೆ. ಅದನ್ನೂ ಹೊಗಳಿತು.