ಅದೇ ಕ್ಯಾಲರಿ, ಮೂರು ತಟ್ಟೆ: ಕೀಟೊ, ಮಧ್ಯಮ ಕಾರ್ಬ್, ಹೆಚ್ಚು ಕಾರ್ಬ್

ಜಿಮ್‌ಗಳಲ್ಲಿ ಎರಡು ಮಾತು ಜೋಡಿಯಾಗಿ ಓಡಾಡುತ್ತವೆ. ಅನ್ನ ತಿಂದರೆ ಇನ್ಸುಲಿನ್ (ರಕ್ತದ ಸಕ್ಕರೆ ಇಳಿಸುವ ಹಾರ್ಮೋನ್) ಏರುತ್ತದೆ, ಇನ್ಸುಲಿನ್ ಏರಿದರೆ ಕೊಬ್ಬು ಕರಗುವುದಿಲ್ಲ ಎಂಬುದು ಒಂದು. ವರ್ಕೌಟ್ ಮುಗಿದ ಕೂಡಲೇ ಗ್ಲೂಕೋಸ್ ಕುಡಿದು ಇನ್ಸುಲಿನ್ ಏರಿಸದಿದ್ದರೆ ಸ್ನಾಯು ಬೆಳೆಯುವುದಿಲ್ಲ ಎಂಬುದು ಇನ್ನೊಂದು. ಎರಡನ್ನೂ ಒಬ್ಬರೇ ಹೇಳುವುದೂ ಉಂಟು. ಅದಕ್ಕೇ ಕ್ಯಾಲರಿ ಮತ್ತು ಪ್ರೋಟೀನ್ ಕದಲಿಸದೆ, ಕಾರ್ಬ್ (ಅನ್ನ, ಮುದ್ದೆ, ಸಕ್ಕರೆಯ ಕಾರ್ಬೋಹೈಡ್ರೇಟ್) ಮತ್ತು ಕೊಬ್ಬಿನ ಪಾಲು ಮಾತ್ರ ಬದಲಿಸಿ, ಮೂರು ಬಗೆಯ ಊಟವನ್ನು ತಲಾ ಆರು ವಾರ ತೂಗಿ ತಿಂದು ಹೋಲಿಸಿದ್ದು ಇದು.

ಲೆಕ್ಕ 70 ಕಿಲೋ ತೂಕದ, ವಾರಕ್ಕೆ ನಾಲ್ಕು ದಿನ ಭಾರ ಎತ್ತುವ ಗಂಡಸಿನದು. ದಿನಕ್ಕೆ 1900 ಕ್ಯಾಲರಿ. ತೂಕ ನಿಲ್ಲುವ ಮಟ್ಟಕ್ಕಿಂತ ಸುಮಾರು 400 ಕಡಿಮೆ. ಪ್ರೋಟೀನ್ 115 ಗ್ರಾಂ, ಅಂದರೆ ಕಿಲೋಗೆ 1.6 ಗ್ರಾಂನಷ್ಟು. ಉಳಿದ 1440 ಕ್ಯಾಲರಿಯ ಹಂಚಿಕೆಯಲ್ಲೇ ವ್ಯತ್ಯಾಸ. ಕಾರ್ಬ್ ತೀರ ಕಡಿಮೆ, ಕೊಬ್ಬು ಹೆಚ್ಚು ಇರುವ ಕೀಟೊದಲ್ಲಿ 35 ಗ್ರಾಂ ಕಾರ್ಬ್, 145 ಗ್ರಾಂ ಕೊಬ್ಬು. ಮಧ್ಯಮದಲ್ಲಿ 190 ಗ್ರಾಂ ಕಾರ್ಬ್, 75 ಗ್ರಾಂ ಕೊಬ್ಬು. ಹೆಚ್ಚು ಕಾರ್ಬ್‌ನಲ್ಲಿ 270 ಗ್ರಾಂ ಕಾರ್ಬ್, 40 ಗ್ರಾಂ ಕೊಬ್ಬು.

ಇನ್ಸುಲಿನ್ ಮಾಡುವ ಕೆಲಸ ತಿಳಿಯದೆ ಈ ಅಂಕಿಗಳಿಗೆ ಅರ್ಥವಿಲ್ಲ. ಊಟವಾದ ಮೇಲೆ ಅದು ಕೊಬ್ಬಿನ ಕೋಶಗಳಿಂದ ಕೊಬ್ಬು ಹೊರಬರುವುದನ್ನು ತಡೆಯುತ್ತದೆ. ಇದು ನಿಜ, ಸ್ವಲ್ಪ ಏರಿದರೂ ಸಾಕು. ಕೆರೆಯ ತೂಬು ಮುಚ್ಚಿದ ಹಾಗೆ. ಆದರೆ ತೂಬು ಮುಚ್ಚಿದ ಮಾತ್ರಕ್ಕೆ ಕೆರೆ ತುಂಬುವುದಿಲ್ಲ, ಒಳಹರಿವೂ ಬೇಕು. ಮೂರು ನಾಲ್ಕು ಗಂಟೆ ಕಳೆದು ಇನ್ಸುಲಿನ್ ಇಳಿದಾಗ ತೂಬು ತೆರೆಯುತ್ತದೆ, ರಾತ್ರಿಯಿಡೀ ತೆರೆದೇ ಇರುತ್ತದೆ. 1900 ಕ್ಯಾಲರಿಯ ದಿನದಲ್ಲಿ ಕೊರತೆ ಬಿದ್ದ 400 ಹೇಗಿದ್ದರೂ ಒಳಗಿನ ದಾಸ್ತಾನಿನಿಂದಲೇ ಹೋಗಬೇಕು. ಇನ್ನೊಂದು ಕಡೆ, ಇನ್ಸುಲಿನ್ ತಳದಲ್ಲಿದ್ದರೂ ತುಪ್ಪ ಹೆಚ್ಚಾಯಿತೆಂದರೆ ಅದು ಕೊಬ್ಬಾಗಿ ಕೂರುತ್ತದೆ. ಬರೀ ಬೆಣ್ಣೆ ತಿಂದರೆ ದಪ್ಪಗಾಗುವುದಿಲ್ಲ ಎಂದು ನಂಬಿದವರು ಮುಗ್ಗರಿಸುವುದು ಇಲ್ಲೇ. ಇನ್ಸುಲಿನ್ ಅನ್ನದ ಸೊತ್ತೂ ಅಲ್ಲ. ಹಾಲಿನಿಂದ ತೆಗೆದ, ಕಾರ್ಬ್ ಹೆಚ್ಚೇನೂ ಇಲ್ಲದ ವ್ಹೇ ಪ್ರೋಟೀನ್ ಅದನ್ನು ಚೆನ್ನಾಗಿಯೇ ಏರಿಸುತ್ತದೆ.

ಪ್ರಯೋಗಾಲಯದ ಸಾಕ್ಷ್ಯವೂ ಹೀಗೇ ಇದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ತಂಡ 19 ದಪ್ಪ ಜನರನ್ನು ಒಳಗೇ ಇರಿಸಿಕೊಂಡು, ಅಷ್ಟೇ ಕ್ಯಾಲರಿಯನ್ನು ಒಮ್ಮೆ ಕಾರ್ಬ್‌ನಿಂದ, ಒಮ್ಮೆ ಕೊಬ್ಬಿನಿಂದ ಕಡಿತ ಮಾಡಿ ನೋಡಿತು, 2015ರಲ್ಲಿ ಪ್ರಕಟ. ಕಾರ್ಬ್ ಕಡಿದಾಗ ಇನ್ಸುಲಿನ್ ಇಳಿಯಿತು, ಆದರೆ ದೇಹದ ಕೊಬ್ಬು ಹೋದದ್ದು ದಿನಕ್ಕೆ 53 ಗ್ರಾಂ. ಊಟದ ಕೊಬ್ಬು ಕಡಿದಾಗ 89 ಗ್ರಾಂ. ಅದು ಬರೀ ಆರು ದಿನದ ಮಾತು. ಸ್ಟ್ಯಾನ್‌ಫರ್ಡ್‌ನ ಕ್ರಿಸ್ಟೋಫರ್ ಗಾರ್ಡ್ನರ್ ತಂಡ 609 ಜನರ ಮೇಲೆ ಒಂದು ವರ್ಷ ನಡೆಸಿ 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಡಿಮೆ ಕೊಬ್ಬಿನವರು ಸರಾಸರಿ 5.3 ಕಿಲೋ, ಕಡಿಮೆ ಕಾರ್ಬ್‌ನವರು 6 ಕಿಲೋ ಇಳಿದರು. ಲೆಕ್ಕಕ್ಕೆ ಹಿಡಿಯುವಷ್ಟು ಅಂತರವಲ್ಲ. ಯಾರಲ್ಲಿ ಇನ್ಸುಲಿನ್ ಹೆಚ್ಚು ಸ್ರವಿಸುತ್ತದೆ ಎಂದು ಮೊದಲೇ ಅಳೆದಿದ್ದರೂ ಯಾರಿಗೆ ಯಾವ ಊಟ ಒಗ್ಗುತ್ತದೆ ಎಂದು ಅದರಿಂದ ಹೇಳಲಾಗಲಿಲ್ಲ.

ಇನ್ನು ತಟ್ಟೆಗೆ ಬರೋಣ.

ಕೀಟೊ ಮೊದಲ ವಾರ ಎಲ್ಲರನ್ನೂ ಮರುಳುಮಾಡುತ್ತದೆ. ತಕ್ಕಡಿ ಒಂದೂವರೆ ಎರಡು ಕಿಲೋ ಇಳಿಯುತ್ತದೆ. ಅದು ಹೆಚ್ಚುಪಾಲು ನೀರು. ಸ್ನಾಯುಗಳಲ್ಲಿ 400–500 ಗ್ರಾಂ, ಯಕೃತ್ತಿನಲ್ಲಿ ನೂರು ಗ್ರಾಂನಷ್ಟು ಗ್ಲೈಕೊಜೆನ್, ಅಂದರೆ ದೇಹ ಕೂಡಿಟ್ಟ ಗ್ಲೂಕೋಸ್, ಇರುತ್ತದೆ. ಪ್ರತಿ ಗ್ರಾಂ ತನ್ನ ಜೊತೆ ಸುಮಾರು ಮೂರು ಗ್ರಾಂ ನೀರು ಹಿಡಿದಿರುತ್ತದೆ. ದಾಸ್ತಾನು ಖಾಲಿಯಾದಂತೆ ನೀರೂ ಹೋಗುತ್ತದೆ. ಯುಗಾದಿಗೆ ನಾಲ್ಕು ಹೋಳಿಗೆ ತಿಂದರೆ ಮಾರನೇ ಬೆಳಿಗ್ಗೆ ಒಂದು ಕಿಲೋ ವಾಪಸ್. ಆ ಇಳಿಕೆ ಕೊಬ್ಬಲ್ಲ, ಈ ಏರಿಕೆಯೂ ಕೊಬ್ಬಲ್ಲ. ಕೀಟೊವನ್ನು ಬೇರೆ ಊಟದ ಜೊತೆ ಹೋಲಿಸುವಾಗ ಮೊದಲ ಹತ್ತು ದಿನದ ತೂಕವನ್ನು ಲೆಕ್ಕದಿಂದ ತೆಗೆದುಹಾಕಬೇಕು. ಹಾಗೆ ತೆಗೆದರೆ ಸೊಂಟದ ಟೇಪ್ ಮೂರೂ ಊಟದಲ್ಲಿ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಇಳಿಯುತ್ತದೆ.

ಕೀಟೊದ ಎರಡನೆಯ ತೊಂದರೆ ತಲೆನೋವು, ಕಾಲು ಸೆಳೆತ, ಎದ್ದು ನಿಂತಾಗ ಕಣ್ಣು ಕತ್ತಲೆ. ಇನ್ಸುಲಿನ್ ಇಳಿದಾಗ ಮೂತ್ರಪಿಂಡ ಸೋಡಿಯಂ ಹಿಡಿದಿಡುವುದನ್ನು ಕಡಿಮೆ ಮಾಡುತ್ತದೆ, ಉಪ್ಪು ಹೊರಗೆ ಹೋಗುತ್ತದೆ. ಉಪ್ಪು ಹಾಕಿದ ನೀರು ಮಜ್ಜಿಗೆ ಅಥವಾ ಕೋಳಿ ತಿಳಿಸಾರು ದಿನಕ್ಕೆ ಎರಡು ಲೋಟ ಕುಡಿದರೆ ಬಹುತೇಕ ಸರಿಹೋಗುತ್ತದೆ. ಬಿಪಿ ಇರುವವರು ವೈದ್ಯರನ್ನು ಕೇಳದೆ ಉಪ್ಪು ಏರಿಸಬಾರದು. ಮೂರನೆಯದು ಸೆಟ್‌ಗಳು, ಅಂದರೆ ನಡುವೆ ಬಿಡುವಿಲ್ಲದೆ ಭಾರ ಎತ್ತುವ ಒಂದೊಂದು ಸರದಿ. ಆ ಸರದಿಯಲ್ಲಿ ಒಂದು ಸಲ ಎತ್ತಿ ಇಳಿಸುವುದು ಒಂದು ರೆಪ್. ನೆಲದಿಂದ ಭಾರ ಎತ್ತುವ, ಎರಡು ಮೂರು ರೆಪ್‌ನ ಭಾರಿ ಡೆಡ್‌ಲಿಫ್ಟ್‌ಗೆ ಏನೂ ಆಗುವುದಿಲ್ಲ. ಭಾರ ಹೊತ್ತು ಕೂತೇಳುವ, ಹತ್ತು ಹನ್ನೆರಡು ರೆಪ್‌ನ ಸ್ಕ್ವಾಟ್‌ನಲ್ಲಿ ಮೂರನೇ ಸೆಟ್ ಹೊತ್ತಿಗೆ ಎರಡು ರೆಪ್ ಕೈಕೊಡುತ್ತವೆ. ಆ ಕೆಲಸ ಗ್ಲೈಕೊಜೆನ್ ಮೇಲೆ ನಡೆಯುವಂಥದ್ದು, ಕಾರ್ಬ್ ಇಲ್ಲದಾಗ ಯಕೃತ್ತು ಕೊಬ್ಬಿನಿಂದ ತಯಾರಿಸುವ ಕೀಟೋನ್ ಅಷ್ಟು ಬೇಗ ಶಕ್ತಿ ಒದಗಿಸಲಾರದು.

ಸಸ್ಯಾಹಾರಿಗೆ ಕೀಟೊ ಲೆಕ್ಕವೇ ಕೂಡುವುದಿಲ್ಲ. 30 ಗ್ರಾಂ ತೊಗರಿಬೇಳೆಯ ಸಾರಿಗೆ 16 ಗ್ರಾಂ ಕಾರ್ಬ್. ನೂರು ನೂರು ಮಿಲಿ ಹಾಲಿನ ಎರಡು ಫಿಲ್ಟರ್ ಕಾಫಿಗೆ, ಸಕ್ಕರೆ ಇಲ್ಲದೆಯೇ, 10 ಗ್ರಾಂ. ಒಂದು ಬಟ್ಟಲು ಮೊಸರು, ಒಂದು ಈರುಳ್ಳಿ ಸೇರಿದರೆ 35 ಮುಗಿಯಿತು, ಪ್ರೋಟೀನ್ ಇನ್ನೂ ಮೂವತ್ತು ದಾಟಿಲ್ಲ. ಉಳಿಯುವುದು ಪನೀರ್, ದಿನಕ್ಕೆ 300 ಗ್ರಾಂ ಪನೀರ್ ಆರು ವಾರ ತಿಂದವರು ಮದುವೆ ಮನೆಯಲ್ಲೂ ಅದರ ಮುಖ ನೋಡುವುದಿಲ್ಲ. ಕೀಟೊಗೆ ಸಲ್ಲುವ ಒಂದು ಮಾತು ಮಾತ್ರ ಇದೆ: ಹಸಿವು ಕಡಿಮೆ. ತೂಗದೆ ತಿನ್ನುವವರಿಗೆ ಅದು ದೊಡ್ಡ ಸಹಾಯ. ಕೆಲವರಲ್ಲಿ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲ್ ಜೋರಾಗಿ ಏರುವುದರಿಂದ ಶುರುವಿಗೆ ಮುಂಚೆ ಒಮ್ಮೆ, ಎಂಟು ವಾರಕ್ಕೆ ಒಮ್ಮೆ ರಕ್ತ ಪರೀಕ್ಷೆ ಬೇಕು.

ಹೆಚ್ಚು ಕಾರ್ಬ್ ಊಟ ಅಗ್ಗ, ಮನೆಯವರ ಜೊತೆ ಕೂತು ತಿನ್ನಬಹುದು, ಮೂರು ಊಟಗಳ ಪೈಕಿ ಸೆಟ್‌ಗಳು ಇದರಲ್ಲೇ ಹೆಚ್ಚು ಚೆನ್ನಾಗಿ ಬರುತ್ತವೆ. ತಪ್ಪುವುದು ಬೇರೆ ಕಡೆ: ಅನ್ನ ಪ್ರೋಟೀನನ್ನು ತಟ್ಟೆಯಿಂದ ತಳ್ಳಿಹಾಕುತ್ತದೆ. ನಮ್ಮ ಊಟದ ಸಹಜ ವಾಲಿಕೆಯೇ ಅತ್ತ. 270 ಗ್ರಾಂ ಕಾರ್ಬ್ ಜೊತೆ 115 ಗ್ರಾಂ ಪ್ರೋಟೀನ್, 40 ಗ್ರಾಂ ಕೊಬ್ಬಷ್ಟೇ ಕೂಡಿಸಲು ಚರ್ಮ ತೆಗೆದ ಕೋಳಿ ಎದೆಮಾಂಸ, ಮೊಟ್ಟೆಯ ಬಿಳಿ, ಸೋಯಾ ಚಂಕ್ಸ್ ಅಥವಾ ವ್ಹೇ ಇಲ್ಲದೆ ಆಗದು. ಒಣ ಸೋಯಾ ಚಂಕ್ಸ್ 50 ಗ್ರಾಂಗೆ 26 ಗ್ರಾಂ ಪ್ರೋಟೀನ್ ಕೊಡುತ್ತದೆ, ಬೆಲೆಯಲ್ಲೂ ಅದನ್ನು ಮೀರಿಸುವುದು ಕಷ್ಟ. ಒಗ್ಗರಣೆಗೆ ಎರಡು ಚಮಚ ಎಣ್ಣೆ ಹೆಚ್ಚಾದರೆ ಅಲ್ಲೇ ಕೊಬ್ಬಿನ ಕಾಲುಭಾಗ ಮುಗಿದಿರುತ್ತದೆ. ತೂಕ ಇಳಿಸುವ ಹೊತ್ತಿನಲ್ಲಿ ಈ ಊಟ ಬೇಗ ಹಸಿವು ತರುತ್ತದೆ, ಅದರಲ್ಲೂ ಬೆಳಗಿನ ತಿಂಡಿ ಬರೀ ಇಡ್ಲಿ ಚಟ್ನಿ ಆದರೆ. ತೂಕ ಏರಿಸಿ ಸ್ನಾಯು ಕಟ್ಟುವ ತಿಂಗಳುಗಳಿಗೆ ಮಾತ್ರ ಇದೇ ಮೇಲು: ತೂಕ ನಿಲ್ಲುವ ಮಟ್ಟದ ಮೇಲೆ 250 ಕ್ಯಾಲರಿ, ಆ ಹೆಚ್ಚುವರಿ ಅಷ್ಟೂ ಅನ್ನ, ಮುದ್ದೆ, ಬಾಳೆಹಣ್ಣಿನಿಂದ.

ಕೊಬ್ಬು ಇಳಿಸುತ್ತ ಸ್ನಾಯು ಉಳಿಸಿಕೊಳ್ಳಲು ನಮ್ಮ ಆಯ್ಕೆ ಮಧ್ಯಮದ್ದು. 190 ಗ್ರಾಂನಲ್ಲಿ ನೂರರಷ್ಟನ್ನು ವರ್ಕೌಟ್‌ನ ಆಚೀಚೆ ಇಡುವುದು. ಸಂಜೆ ಆರಕ್ಕೆ ಜಿಮ್ ಎಂದುಕೊಳ್ಳಿ. ನಾಲ್ಕೂವರೆಗೆ ಎರಡು ಪಚ್ಚಬಾಳೆ, ಸುಮಾರು 50 ಗ್ರಾಂ. ರಾತ್ರಿ ಎಂಟಕ್ಕೆ 80 ಗ್ರಾಂ ಹಿಟ್ಟಿನ ಒಂದು ಮುದ್ದೆ, 53 ಗ್ರಾಂ. ಜೊತೆಗೆ ಕೋಳಿ ಸಾರು ಅಥವಾ ಮೊಳಕೆ ಹುರುಳಿಯ ಬಸ್ಸಾರು. ಮಧ್ಯಾಹ್ನ 60 ಗ್ರಾಂ ಅಕ್ಕಿಯ ಅನ್ನ, 47 ಗ್ರಾಂ. ಮಿಕ್ಕದ್ದು ಬೇಳೆ, ಹಾಲು, ತರಕಾರಿಯಿಂದ ತಾನಾಗಿ ತುಂಬುತ್ತದೆ. ಅಕ್ಕಿಯನ್ನು ಬೇಯಿಸುವ ಮೊದಲೇ ತೂಗಿ. 100 ಗ್ರಾಂ ಅಕ್ಕಿ ಬೆಂದು 280–300 ಗ್ರಾಂ ಅನ್ನವಾಗುತ್ತದೆ. ಆ್ಯಪ್‌ನಲ್ಲಿ ಅನ್ನದ ತೂಕವನ್ನು ಅಕ್ಕಿಯ ಸಾಲಿನಲ್ಲಿ ಬರೆದವರ ಲೆಕ್ಕ ಮೂರುಪಟ್ಟು ತಪ್ಪುತ್ತದೆ. ಮುದ್ದೆಗೂ ಅನ್ನಕ್ಕೂ ಕಾರ್ಬ್‌ನಲ್ಲಿ ಜನ ಅಂದುಕೊಳ್ಳುವಷ್ಟು ದೂರವಿಲ್ಲ: ನೂರು ಗ್ರಾಂ ರಾಗಿಯಲ್ಲಿ 67, ಅಕ್ಕಿಯಲ್ಲಿ 78. ರಾಗಿಯ ಗೆಲುವು ನಾರಿನದ್ದು, 11 ಗ್ರಾಂ. ಸಕ್ಕರೆ ಏರಿಸುವುದೇ ಇಲ್ಲ ಎಂದು ಎರಡು ಮುದ್ದೆ ನುಂಗಿದರೆ ಏರಿಸಿಯೇ ಏರಿಸುತ್ತದೆ.

ಬೆಳಿಗ್ಗೆ ಐದೂವರೆಗೆ ಜಿಮ್‌ಗೆ ಹೋಗುವವರು ರಾತ್ರಿಯ ಅನ್ನ ಬಿಡುವುದು ತಲೆಕೆಳಗಾದ ಲೆಕ್ಕ. ರಾತ್ರಿ ಉಪವಾಸದಲ್ಲಿ ಯಕೃತ್ತಿನ ಗ್ಲೈಕೊಜೆನ್ ಇಳಿಯುತ್ತದೆ, ಸ್ನಾಯುಗಳದ್ದು ಹಾಗೇ ಇರುತ್ತದೆ. ಹಿಂದಿನ ರಾತ್ರಿಯ ಊಟವೇ ಬೆಳಗಿನ ಸ್ಕ್ವಾಟ್‌ನ ಇಂಧನ. ಹೋಗುವಾಗ ಒಂದು ಬಾಳೆಹಣ್ಣು, ಕಾಫಿ ಸಾಕು. ಊಟದಲ್ಲಿ ಪಲ್ಯ, ಮೊಟ್ಟೆ ಮೊದಲು, ಅನ್ನ ಕೊನೆಗೆ ತಿಂದರೆ ಸಕ್ಕರೆಯ ಏರಿಕೆ ತಗ್ಗುತ್ತದೆ. ಖರ್ಚಿಲ್ಲದ ಉಪಾಯ.

ವರ್ಕೌಟ್ ನಂತರದ ಗ್ಲೂಕೋಸ್ ಪುಡಿ ದುಡ್ಡು ದಂಡ. ಇನ್ಸುಲಿನ್ ಸ್ನಾಯು ಕಟ್ಟುವ ಮೇಸ್ತ್ರಿಯಲ್ಲ. ಒಡೆಯುವುದನ್ನು ತಡೆಯುವ ಕಾವಲುಗಾರ. ಕಟ್ಟುವ ಆಜ್ಞೆ ಬರುವುದು ಭಾರದಿಂದ ಮತ್ತು ಪ್ರೋಟೀನ್ ಒಡೆದಾಗ ಸಿಗುವ ಅಮಿನೋ ಆಮ್ಲಗಳಿಂದ, ಮುಖ್ಯವಾಗಿ ಲ್ಯೂಸಿನ್‌ನಿಂದ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 2011ರಲ್ಲಿ 25 ಗ್ರಾಂ ವ್ಹೇಗೆ ಬೇಗ ಜೀರ್ಣವಾಗುವ ಕಾರ್ಬ್ ಪುಡಿಯಾದ ಮಾಲ್ಟೊಡೆಕ್ಸ್‌ಟ್ರಿನ್ 50 ಗ್ರಾಂ ಸೇರಿಸಿ ನೋಡಿದರು. ಇನ್ಸುಲಿನ್ ಬಹಳ ಏರಿತು, ಸ್ನಾಯು ಪ್ರೋಟೀನ್ ತಯಾರಿ ಒಂದಿಷ್ಟೂ ಹೆಚ್ಚಲಿಲ್ಲ. ದಿನಕ್ಕೆ ಎರಡು ಬಾರಿ ತರಬೇತಿ ಮಾಡುವ ಕುಸ್ತಿ, ಕಬಡ್ಡಿಯವರಿಗೆ ಮಾತ್ರ ಗ್ಲೈಕೊಜೆನ್ ಬೇಗ ತುಂಬಿಸಲು ಅಂಥ ಕಾರ್ಬ್ ಕೆಲಸಕ್ಕೆ ಬರುತ್ತದೆ. ಇನ್ಸುಲಿನ್ ಇಂಜೆಕ್ಷನ್ ಹಾಕಿಕೊಂಡರೆ ಬೇಗ ಬೆಳೆಯಬಹುದು ಎಂದು ಜಿಮ್‌ನಲ್ಲಿ ಯಾರಾದರೂ ಹೇಳಿದರೆ ಆ ಜಿಮ್ ಬಿಡಿ. ಸಕ್ಕರೆ ಕುಸಿದು ನಿದ್ದೆಯಲ್ಲೇ ಪ್ರಾಣ ಹೋಗಬಹುದು.

ಹಾಗಾದರೆ ಇನ್ಸುಲಿನ್ ಚಿಂತೆ ಪೂರ್ತಿ ಸುಳ್ಳೇ? ನಮ್ಮವರ ಮಟ್ಟಿಗೆ ಅಲ್ಲ. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪುಣೆಯ ಡಾ. ಯಾಜ್ಞಿಕ್, ಬ್ರಿಟನ್ನಿನ ಡಾ. ಯುಡ್ಕಿನ್ ತಮ್ಮಿಬ್ಬರ ಫೋಟೊ ಹಾಕಿದರು. ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 22.3. ಯುಡ್ಕಿನ್ ದೇಹದಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ದೇಹದಲ್ಲಿ ಶೇ. 21.2. ತೆಳ್ಳಗೆ ಕಂಡರೂ ಒಳಗೆ ಕೊಬ್ಬು, ಸ್ನಾಯು ಕಡಿಮೆ. ಊಟದ ಗ್ಲೂಕೋಸ್ ಬಹುಪಾಲು ಹೋಗಿ ಸೇರಬೇಕಾದ ಜಾಗವೇ ಸ್ನಾಯು. ಜಾಗ ಕಿರಿದಾದರೆ ಅದೇ ತಟ್ಟೆ ಅನ್ನಕ್ಕೆ ಹೆಚ್ಚು ಇನ್ಸುಲಿನ್ ಬೇಕಾಗುತ್ತದೆ. ಗಂಡಸರ ಸೊಂಟ 90 ಸೆಂ.ಮೀ., ಹೆಂಗಸರದ್ದು 80 ದಾಟಿದ್ದರೆ, ಭಾರ ಎತ್ತುವುದು ಇನ್ನೂ ಶುರುವಾಗಿಲ್ಲದಿದ್ದರೆ, 190ರ ಬದಲು 130–150 ಗ್ರಾಂನಿಂದ ತೊಡಗಿ, ಸೆಟ್‌ಗಳು ಹೆಚ್ಚಿದಂತೆ ಕಾರ್ಬ್ ಏರಿಸುವುದು ಒಳ್ಳೆಯದು.

ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಿರುವವರು ಇದಾವುದನ್ನೂ ಸ್ವಂತ ನಿರ್ಧಾರದ ಮೇಲೆ ಮಾಡಬಾರದು. ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ಡೋಸ್ ತಗ್ಗಿಸದೆ ಕಾರ್ಬ್ ಕಡಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಡಾಪಾಗ್ಲಿಫ್ಲೋಜಿನ್ ಜಾತಿಯ ಮಾತ್ರೆಯ ಜೊತೆ ಕೀಟೊ ಮಾಡಿದರೆ ರಕ್ತದ ಸಕ್ಕರೆ ಹೆಚ್ಚೇನೂ ಏರದೆಯೇ ಕೀಟೊಅಸಿಡೋಸಿಸ್, ಅಂದರೆ ಕೀಟೋನ್ ಮಿತಿಮೀರಿ ರಕ್ತ ಆಮ್ಲೀಯವಾಗುವ ಅಪಾಯದ ಸ್ಥಿತಿ, ಬರಬಹುದು. ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ಗ್ಲೂಕೋಮೀಟರ್ ನಂಬಿ ಮನೆಯಲ್ಲಿ ಕೂರುವಂತಿಲ್ಲ.

ಅಳತೆಗೆ ಮೂರು ಸಾಕು: ಏಳು ದಿನದ ಬೆಳಗಿನ ತೂಕದ ಸರಾಸರಿ, ವಾರಕ್ಕೊಮ್ಮೆ ಹೊಕ್ಕುಳ ಮಟ್ಟದಲ್ಲಿ ಸೊಂಟ, ಸ್ಕ್ವಾಟ್ ಮತ್ತು ಬೆಂಚ್‌ನ ರೆಪ್ ಪುಸ್ತಕ. ಸೊಂಟ ಇಳಿದು ರೆಪ್ ಕಡಿಮೆಯಾಗದೆ ಉಳಿದಿದ್ದರೆ ಏನನ್ನೂ ಮುಟ್ಟಬೇಡಿ. ಎರಡೂ ಇಳಿಯುತ್ತಿದ್ದರೆ ವರ್ಕೌಟ್‌ಗೆ ಮುಂಚಿನ ಊಟಕ್ಕೆ 30 ಗ್ರಾಂ ಕಾರ್ಬ್ ಸೇರಿಸಿ, ಅಷ್ಟೇ ಕ್ಯಾಲರಿಯ ಎಣ್ಣೆ ತೆಗೆಯಿರಿ, ಅಂದರೆ 13 ಗ್ರಾಂ, ಒಂದು ದೊಡ್ಡ ಚಮಚ. ಮೂರು ವಾರ ಸೊಂಟ ಕದಲದಿದ್ದರೆ ಮಧ್ಯಾಹ್ನದ ಅಕ್ಕಿಯಲ್ಲಿ 30 ಗ್ರಾಂ ಕಡಿಮೆ ಮಾಡಿ. ರಾತ್ರಿಯ ಮುದ್ದೆ ಇರಲಿ.